ನನ್ನ ಬಲಗೈಯ ಹತ್ತು ತಿಂಗಳು



ನಾನು ಈ ಪತ್ರಿಕೆಗೆ ಬರೆದಾಗಲೆಲ್ಲ ಅಡಿಗೆಯ ಬಗ್ಗೆಯೇ ಬರೆಯುತ್ತೇನೆಂದು ನಿಮ್ಮಲ್ಲಿ ಕೆಲವರು ನಕ್ಕಿದ್ದು ನನ್ನ ಕಿವಿಗೆ ಬಿದ್ದಿದೆ. ಈ ಸಲ ಅಡಿಗೆಯಿಲ್ಲ. ಆದರೆ ಕಥೆ ಶುರುವಾಗುವುದು ಮಾತ್ರ ಉಪ್ಪಿನಕಾಯಿ ಭರಣಿಯಿಂದಲೇ, ಏನು ಮಾಡಲಿ!

ಕಳೆದ ವರ್ಷ ಜೂನ್ ತಿಂಗಳಲ್ಲಿ ಮೇಲಿನ ಹಲಗೆಯ ಮೇಲಿದ್ದ ಭರಣಿಯನ್ನು ಇಳಿಸಲು ಸ್ಟೂಲು ಹತ್ತಿದೆ. ಅದರ ಒಂದು ಕಾಲು ಗಿಡ್ಡ ಎಂದು ನಮ್ಮ ಮನೆಯವರು ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ರಿಪೇರಿ ಮಾಡಿಸಬೇಕಾದವರೂ ಅವರೇ, ಆ ಮಾತು ಬೇರೆ. ಭರಣಿ ಹಲಗೆಯ ಮೇಲೆಯೇ ಉಳಿಯಿತು, ನಾನು ಬಿದ್ದೆ. ಬಲ ಭುಜ ನೆಲಕ್ಕೆ ಬಡಿಯಿತು. ಎಲುಬು ಮುರಿದಿರಲಿಲ್ಲ. ಹೀಗಾಗಿ ಮೂರು ವಾರ ಎಣ್ಣೆ ಹಚ್ಚಿ, ಬಿಸಿ ನೀರಿನ ಚೀಲ ಇಟ್ಟು ಕಳೆದೆ. ಕೈ ಎತ್ತಿ ಹೆರಳು ಹಾಕಿಕೊಳ್ಳಲು ಆಗದಿದ್ದಾಗ ಡಾಕ್ಟರರ ಹತ್ತಿರ ಹೋದೆವು.

ಭುಜದ ಕೀಲನ್ನು ಸುತ್ತಿಕೊಂಡು ನಾಲ್ಕು ಸ್ನಾಯುಗಳಿರುತ್ತವೆ. ಅಂಗಿಯ ತೋಳಿಗೆ ಕಫ್ ಇದ್ದ ಹಾಗೆ ಇರುವುದರಿಂದ ಅದಕ್ಕೆ 'ರೊಟೇಟರ್ ಕಫ್' ಎಂದು ಹೆಸರು. ಆ ನಾಲ್ಕರಲ್ಲಿ ಮೇಲಿನದು, ಕೈಯನ್ನು ಪಕ್ಕಕ್ಕೆ ಎತ್ತಲು ಬೇಕಾದದ್ದು, ಎಲುಬಿನಿಂದ ಕಿತ್ತುಬಂದಿತ್ತು. ಜುಲೈ ನಡುವಿನಲ್ಲಿ ಆಪರೇಷನ್ ಆಯಿತು. ಇಲ್ಲಿಯವರು ಹೇಳುವಂತೆ 'ದುರ್ಬೀನು ಹಾಕಿ' ಮಾಡಿದ್ದು. ಸಣ್ಣ ಸಣ್ಣ ತೂತು ಮಾಡಿ, ಎಲುಬಿನಲ್ಲಿ ಮೊಳೆಯಂಥದ್ದನ್ನು ಕೂರಿಸಿ, ಅದಕ್ಕೆ ಕಟ್ಟಿದ ದಾರದಿಂದ ಹರಿದ ತುದಿಯನ್ನು ಎಲುಬಿಗೆ ಹೊಲಿಯುತ್ತಾರೆ. ಜೀವನವಿಡೀ ಸೂಜಿ ಹಿಡಿದವಳನ್ನೇ ಹಿಡಿದು ಹೊಲಿದರಲ್ಲ ಎಂದು ನನಗೆ ನಗು ಬಂತು. ಆದರೆ ಡಾಕ್ಟರರು ನಗಲಿಲ್ಲ. "ದಾರ ಬರೀ ಹಿಡಿದುಕೊಂಡಿರುತ್ತದೆ, ಅಷ್ಟೆ. ಸ್ನಾಯು ಎಲುಬಿಗೆ ಕೂಡಿಕೊಳ್ಳಲು ಮೂರು ತಿಂಗಳು ಬೇಕು. ಆರು ವಾರ ಈ ಕೈ ನಿಮ್ಮದಲ್ಲ ಅಂತ ತಿಳಿಯಿರಿ" ಎಂದರು.

ಸೂಜಿಯ ಮಾತು ಬಂತು, ಹೇಳಿಬಿಡುತ್ತೇನೆ. ನಾನು ಕಸೂತಿ ಹಾಕುವವಳು. ಧಾರವಾಡದಲ್ಲಿ ನಮ್ಮ ಸೋದರತ್ತೆಯ ಹತ್ತಿರ ಕಲಿತದ್ದು. ಅಂಗಡಿಯಲ್ಲಿ 'ಕಸೂತಿ ಪ್ರಿಂಟ್' ಎಂದು ಮಾರುತ್ತಾರಲ್ಲ, ಅದಲ್ಲ. ನಿಜವಾದ ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ, ಮತ್ತೊಂದು ಹೊಲಿಗೆ, ಹೀಗೆ ಹೋಗಿ, ಬರುವಾಗ ಆ ಖಾಲಿಗಳನ್ನು ತುಂಬುತ್ತ ಬರಬೇಕು. ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಎಲ್ಲಿಯೋ ಒಂದು ಎಳೆ ತಪ್ಪಿದರೆ ವಾಪಸ್ಸು ಬರುವ ದಾರಿ ಕೂಡುವುದಿಲ್ಲ. ಪ್ರತಿ ಹೊಲಿಗೆಗೂ ದಾರ ಪೂರ್ತಿ ಎಳೆಯಲು ಕೈ ಪಕ್ಕಕ್ಕೆ ಚಾಚುತ್ತದೆ. ಆ ಚಾಚುವಿಕೆಗೆ ಬೇಕಾದ ಸ್ನಾಯುವೇ ಹರಿದಿತ್ತು.

ಆಗ ನನ್ನ ಮುಂದೆ ಒಂದು ಕಪ್ಪು ಚಂದ್ರಕಾಳಿ ಸೀರೆ ಅರ್ಧಕ್ಕೆ ನಿಂತಿತ್ತು. ಅಣ್ಣನ ಮಗಳ ಮದುವೆ ತುಳಸಿ ಲಗ್ನದ ನಂತರ ಎಂದು ಗೊತ್ತಾಗಿತ್ತು. ನಮ್ಮ ಕಡೆ ಮದುವಣಗಿತ್ತಿಗೆ ಕಸೂತಿಯ ಚಂದ್ರಕಾಳಿ ಕೊಡುವ ರೂಢಿ. ಅವಳು ಹುಟ್ಟಿದಾಗಲೇ "ನಿನ್ನದು ನಾನೇ ಹಾಕತೀನಿ" ಎಂದು ಮಾತು ಕೊಟ್ಟಿದ್ದೆ. ಸೆರಗಿನಲ್ಲಿ ಗೋಪುರ, ಆನೆ ಮುಗಿದಿದ್ದವು. ತುಳಸಿಕಟ್ಟೆಯ ಸಾಲು ಬಾಕಿ.

ಎಡಗೈಯಲ್ಲಿ ಊಟ, ಎಡಗೈಯಲ್ಲಿ ಸ್ನಾನ, ಕುರ್ಚಿಯಲ್ಲಿ ಒರಗಿಕೊಂಡೇ ನಿದ್ದೆ. ಸೀರೆ ಉಡಲು ಬರುವುದಿಲ್ಲ, ಸೊಸೆಯಿಲ್ಲ, ಕೆಲಸದ ಬಾಯಿಯನ್ನು ಎಷ್ಟೆಂದು ಕೇಳುವುದು? ಬಿ.ಎ.ಯಲ್ಲಿ ಇಂಗ್ಲಿಷ್ ಓದುವಾಗ ಮಿಲ್ಟನ್ ಕಣ್ಣು ಕಳೆದುಕೊಂಡು ಬರೆದ ಸಾನೆಟ್ಟು ನಮಗೆ ಪಾಠಕ್ಕಿತ್ತು. ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಅವನಿಗೆ ದೇವರ ಮೇಲೆ ಯಾಕೆ ಅಷ್ಟು ಸಿಟ್ಟು ಬಂದಿತ್ತೆಂದು ಈ ಕುರ್ಚಿಯಲ್ಲಿ ಕೂತಾಗ ತಿಳಿಯಿತು.

ನನ್ನ ಮಗ ಹಿಂಜವಡಿಯ ಒಂದು ಕಂಪನಿಯಲ್ಲಿ ಇದ್ದಾನೆ. ನಿಮ್ಮ ಹಾಗೆಯೇ, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ. ಆ ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಒಂದು ದಿನ ಸೀರೆ ಬಿಚ್ಚಿ ಕೂತು, "ಅಮ್ಮಾ, ನೀ ಹೇಳು, ನಾ ಹಾಕತೀನಿ" ಎಂದ. ನಾನು ನಕ್ಕೆ. ಅವನು ನಗಲಿಲ್ಲ.

"ಎಷ್ಟ ಎಳಿ ಬಿಡಬೇಕು?"

"ನಾಲ್ಕು ಬಿಟ್ಟು ನಾಲ್ಕು ತೊಗೊ."

ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವುದು ಎಷ್ಟು ಕಷ್ಟವೆಂದು ಹಾಕಿದವರಿಗೇ ಗೊತ್ತು. ಅವನು ಮೇಜಿನ ದೀಪ ತಂದ, ಭೂತಗನ್ನಡಿ ತಂದ, ಬೋಹರಿ ಆಳಿಗೆ ಹೋಗಿ ನನ್ನ ಮಾತು ಕೇಳಿ ಸರಿಯಾದ ದಾರವನ್ನೂ ತಂದ. ಒಂದು ಸಂಜೆಗೆ ಎರಡು ಬೆರಳಗಲ ಆಗುತ್ತಿತ್ತು. ನನಗೆ ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲವೆಂದು ಆಗ ಗೊತ್ತಾಯಿತು. ಇಲ್ಲಿ ತಿರುಗಬೇಕು ಎಂದು ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಸೋದರತ್ತೆ ನಮಗೆ ಮಾತಿನಲ್ಲಿ ಏನೂ ಹೇಳಿರಲಿಲ್ಲ, ಸೂಜಿ ಕಸಿದುಕೊಂಡು ತೋರಿಸುತ್ತಿದ್ದಳು. ನನ್ನ ಕೈ ಜೋಳಿಗೆಯಲ್ಲಿತ್ತು.

ಈಗ ನನ್ನ ತಪ್ಪು ಹೇಳಬೇಕು. ಗಣಪತಿ ಹಬ್ಬದ ಹೊತ್ತಿಗೆ, ಆರು ವಾರ ತುಂಬಲು ಇನ್ನೂ ಕೆಲವು ದಿನ ಇದ್ದವು. ಮಧ್ಯರಾತ್ರಿಯವರೆಗೆ ಢೋಲಿನ ಸದ್ದು, ನಿದ್ದೆಯಿಲ್ಲ. ಎದ್ದು ಸೀರೆ ನೋಡಿದೆ. ಮೂರನೆಯ ತುಳಸಿಕಟ್ಟೆಯ ಬುಡದಲ್ಲಿ ಒಂದು ಎಳೆ ತಪ್ಪಿತ್ತು. ಅವನು ಅದನ್ನು ಜಾಣತನದಿಂದ ಮುಂದಿನ ಹೊಲಿಗೆಯಲ್ಲಿ ಮುಚ್ಚಿಹಾಕಿದ್ದ. ಸಹಿಸಲಾಗಲಿಲ್ಲ. ಜೋಳಿಗೆಯಿಂದ ಕೈ ತೆಗೆದು ಸೂಜಿಯ ಹಿಂಬದಿಯಿಂದ ಬಿಚ್ಚಲು ಕೂತೆ. ಹತ್ತೇ ಹೊಲಿಗೆ. ಬೆಳಗಿನ ಹೊತ್ತಿಗೆ ಭುಜ ಊದಿ, ಜೀವ ಹೋಗುವಷ್ಟು ನೋವು. ಮತ್ತೆ ಡಾಕ್ಟರು, ಮತ್ತೆ ಸ್ಕ್ಯಾನು. ಪುಣ್ಯಕ್ಕೆ ಹೊಲಿಗೆ ಹರಿದಿರಲಿಲ್ಲ. ಆದರೆ ಜೋಳಿಗೆ ಇನ್ನೆರಡು ವಾರ ಮುಂದುವರಿಯಿತು. ಡಾಕ್ಟರರ ಬೈಗುಳಕ್ಕಿಂತ ಮಗ ಏನೂ ಮಾತಾಡದೆ ಸೀರೆ ಮಡಚಿ ಕಪಾಟಿನಲ್ಲಿಟ್ಟದ್ದು ಹೆಚ್ಚು ನೋಯಿಸಿತು. ನಾಲ್ಕು ದಿನ ಅವನು ಅದನ್ನು ಮುಟ್ಟಲಿಲ್ಲ. ಐದನೆಯ ದಿನ ನಾನೇ ಕ್ಷಮೆ ಕೇಳಿದೆ. ಮಗನ ಹತ್ತಿರ ಕ್ಷಮೆ ಕೇಳುವುದು ನಮ್ಮ ತಲೆಮಾರಿನವರಿಗೆ ಸುಲಭವಲ್ಲ, ನಿಮಗದು ತಿಳಿದಿರಲಿ.

ಮುಂದೆ ಫಿಜಿಯೋಥೆರಪಿ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಾಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು, ಹಗ್ಗ ಗಾಲಿಯಿಂದ ಒಳ್ಳೆಯ ಕೈ ಕೆಟ್ಟ ಕೈಯನ್ನು ಎಳೆಯುವುದು. ಗೋಡೆಯ ಮೇಲೆ ಪ್ರತಿ ವಾರ ಪೆನ್ಸಿಲ್ ಗುರುತು ಮಾಡುತ್ತಿದ್ದೆ. ಕೆಲವು ವಾರ ಗುರುತು ಕೆಳಗೇ ಬರುತ್ತಿತ್ತು.

ಅಲ್ಲಿಯೇ ತಾಂಬಟ್ ಆಳಿಯ ಒಬ್ಬ ತಾಮ್ರಗಾರರು ಸಿಕ್ಕರು. ಕಸಬಾ ಪೇಠೆಯ ಆ ಓಣಿಯನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಪೇಶವೆಯರ ಕಾಲದಿಂದ ಅಲ್ಲಿ ತಾಮ್ರದ ಹಂಡೆ, ಕೊಡ, ಬಂಬು ಮಾಡುತ್ತ ಬಂದಿದ್ದಾರೆ. ಪಾತ್ರೆಯ ಮೈಮೇಲೆ ಸುತ್ತಿಗೆಯಿಂದ ಒತ್ತೊತ್ತಾಗಿ ಕುಳಿ ಬೀಳಿಸುತ್ತಾರಲ್ಲ, ಅದು ಮಠಾರಕಾಮ. ನಾನು ಅದು ಅಲಂಕಾರವೆಂದೇ ತಿಳಿದಿದ್ದೆ. ಅವರು ಹೇಳಿದರು: ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಅದಕ್ಕೇ ಬಡಿಯುವುದು. ನಲವತ್ತು ವರ್ಷ ಬಡಿದು ತಾಮ್ರ ಗಟ್ಟಿಯಾಯಿತು, ಭುಜ ಸವೆಯಿತು. ಅವರದೂ ನನ್ನಂಥದೇ ಆಪರೇಷನ್. ನನ್ನದು ಒಂದು ಸೀರೆಯ ಚಿಂತೆ, ಅವರದು ಮನೆ ನಡೆಯುವ ಚಿಂತೆ. ಭಾರ ಎತ್ತುವ, ಬಡಿಯುವ ಕೆಲಸ ಆರು ತಿಂಗಳು ಬೇಡ, ಆಮೇಲೂ ನಿಧಾನ ಎಂದಿದ್ದರು ಅವರಿಗೆ. "ತಾಈ, ಸುತ್ತಿಗೆ ಹಿಡಿಯದ ದಿನ ಸಂಬಳ ಕೊಡುವವರು ಯಾರು?" ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೂ ಅವರು ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ, ಒಂದು ಸಲವೂ ಅವಸರ ಮಾಡಲಿಲ್ಲ. ನನ್ನ ಮಧ್ಯರಾತ್ರಿಯ ಸಾಹಸವನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ಕ್ರಿಕೆಟ್ ಇಲ್ಲದೆ ನಿಮಗೆ ಲೇಖನ ರುಚಿಸುವುದಿಲ್ಲ ಎಂದು ಮಗ ಹೇಳುತ್ತಾನೆ. ಹಾಗಾದರೆ ನಮ್ಮ ಅನಿಲ್ ಕುಂಬ್ಳೆಯವರನ್ನು ನೆನೆಯಿರಿ. ಬೌಲಿಂಗ್ ಮಾಡಿ ಮಾಡಿ ಕೆಟ್ಟ ಭುಜಕ್ಕೆ ಆಪರೇಷನ್ ಮಾಡಿಸಿಕೊಂಡು, 2001ರಲ್ಲಿ ಆಸ್ಟ್ರೇಲಿಯದವರು ಬಂದಾಗ ಆ ಪ್ರಸಿದ್ಧ ಸರಣಿಯಲ್ಲಿ ಆಡಲಾಗದೆ ಕೂತಿದ್ದರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಅದಾದ ಮೇಲೆ. ಮನೆಯಲ್ಲಿ ಕೂತ ಆ ತಿಂಗಳುಗಳನ್ನು ಯಾರೂ ಸ್ಕೋರ್‌ಬೋರ್ಡಿನಲ್ಲಿ ಬರೆಯಲಿಲ್ಲ.

ಸೀರೆ ಮುಗಿಯಿತು. ತುಳಸಿಕಟ್ಟೆಗಳನ್ನೆಲ್ಲ ಮಗನೇ ಹಾಕಿದ. ಕೊನೆಯ ಅಂಚಿನ ಒಂದು ಗೇಣು ಮಾತ್ರ, ಡಾಕ್ಟರರ ಅಪ್ಪಣೆ ಪಡೆದು, ಮೊಣಕೈಯನ್ನು ದಿಂಬಿನ ಮೇಲಿಟ್ಟು, ಗಿಡ್ಡ ದಾರದಿಂದ ನಾನು ಹಾಕಿದೆ. ಹುಬ್ಬಳ್ಳಿಯ ಮದುವೆ ಮನೆಯಲ್ಲಿ ಹಿರಿಯರೊಬ್ಬರು ಸೆರಗನ್ನು ತಿರುಗಿಸಿ ಹಿಂಬದಿ ನೋಡಿ, "ಈ ಅಂಚು ಯಾರೋ ಹೊಸಬರು ಹಾಕ್ಯಾರ, ಕೈ ನಡುಗೇದ" ಎಂದರು. ಮಗ ನನ್ನ ಮುಖ ನೋಡಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡ.

ಈಗ ಹತ್ತು ತಿಂಗಳಾಯಿತು. ಹೆರಳು ಹಾಕಿಕೊಳ್ಳುತ್ತೇನೆ, ಲಟ್ಟಣಿಗೆ ಹಿಡಿಯುತ್ತೇನೆ, ಈ ಲೇಖನವನ್ನೂ ಬಲಗೈಯಲ್ಲೇ ಬರೆದಿದ್ದೇನೆ, ನಡುವೆ ಮೂರು ಸಲ ಎದ್ದು. ತಾಂಬಟ್ ಆಳಿಗೆ ಹೋದ ತಿಂಗಳು ಹೋಗಿದ್ದೆ. ಅವರು ಹಗುರ ಸುತ್ತಿಗೆ ಹಿಡಿದು ಸಣ್ಣ ತಂಬಿಗೆಗಳನ್ನು ಬಡಿಯುತ್ತಿದ್ದರು, ಹಂಡೆಯ ಕೆಲಸವನ್ನು ತಮ್ಮನಿಗೆ ಬಿಟ್ಟಿದ್ದಾರೆ. ನಾನೊಂದು ತಂಬಿಗೆ ಕೊಂಡೆ. ಬೆಲೆ ಕಡಿಮೆ ಮಾಡಿ ಎನ್ನಲು ಬಾಯಿ ಬರಲಿಲ್ಲ.

ಮಾವಿನಕಾಯಿ ಬಂದಿವೆ. ಗೋಡೆಯ ಪೆನ್ಸಿಲ್ ಗುರುತು ಮೇಲಿನ ಹಲಗೆಗಿಂತ ಇನ್ನೂ ನಾಲ್ಕು ಬೆರಳು ಕೆಳಗಿದೆ. ಭರಣಿಯನ್ನು ನಮ್ಮ ಮನೆಯವರು ಕೆಳಗಿನ ಕಪಾಟಿಗೆ ಇಳಿಸಿದ್ದಾರೆ. ಸ್ಟೂಲಿನ ಕಾಲು ಮಾತ್ರ ಹಾಗೆಯೇ ಇದೆ.