ದೀಪ ಹಚ್ಚುವ ಹೊತ್ತಿನ ಅಳು

ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೂ ಎಳೆಗೂಸಿನ ಅಳುವಿಗೂ ಏನು ನಂಟೋ, ಬಲ್ಲವರಾರು? ಹಗಲೆಲ್ಲ ಹಾಲುಂಡು, ನಿದ್ದೆಯಲ್ಲಿ ನಕ್ಕು, ನೋಡಬಂದವರಿಂದ "ಎಂಥ ಸಾಧು ಮಗು!" ಎಂದು ಹೊಗಳಿಸಿಕೊಂಡ ಐದು ವಾರದ ಶಿಶು, ಸಂಜೆ ಆರಾಯಿತೆಂದರೆ ಮುಖ ಕೆಂಪೇರಿಸಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು ಅಳತೊಡಗುತ್ತದೆ. ಗಡಿಯಾರ ಒಂಬತ್ತು ಹೊಡೆದರೂ ನಿಲ್ಲಿಸದು.

ಬೆಂಗಳೂರಿನ ಬಸವನಗುಡಿಯ ಮನೆಯೊಂದರಲ್ಲಿ, ಚೊಚ್ಚಲ ಬಾಣಂತನಕ್ಕೆಂದು ತವರಿನಲ್ಲಿದ್ದ ಮಗಳಿಗೆ ಈ ಅನುಭವವಾಯಿತು. ಅಳುವ ಕೂಸು ಒಂದು. ಉಪಾಯ ಹೇಳುವವರು ಹತ್ತು ಮಂದಿ. ದೃಷ್ಟಿಯಾಗಿದೆಯೆಂದು ಒಬ್ಬರು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ವಾಯುವೆಂದು ಇನ್ನೊಬ್ಬರು ಹೊಕ್ಕುಳಿನ ಸುತ್ತ ಇಂಗಿನ ಲೇಪ ಹಚ್ಚಿದರು. ಓಮದ ನೀರು ಕುಡಿಸಿರೆಂದರು ನೆರೆಮನೆಯವರು. ಗ್ರೈಪ್ ವಾಟರಿನ ಸೀಸೆಯನ್ನೇ ತಂದರು ಸೋದರಮಾವ. "ತಾಯಿ ಏನು ತಿಂದಳೋ ಏನೋ!" ಎಂದು ಯಾರೋ ಮೆಲ್ಲನೆ ಆಡಿದ ಮಾತು ಮಾತ್ರ ಬಾಣಂತಿಯ ಎದೆಗೆ ನಾಟಿತು. ಅವಳು ಬೇಳೆ ಬಿಟ್ಟಳು, ತರಕಾರಿ ಬಿಟ್ಟಳು, ಕೊನೆಗೆ ಬರಿಯ ಮೆಣಸಿನ ಸಾರು ಅನ್ನಕ್ಕಿಳಿದಳು. ಅಳು ತಗ್ಗಲಿಲ್ಲ, ಸೊರಗಿದವಳು ತಾಯಿ.

ಮಕ್ಕಳ ವೈದ್ಯರು ಕೂಸನ್ನು ತೂಗಿ, ಹೊಟ್ಟೆ ಮುಟ್ಟಿ ನೋಡಿದರು. ತೂಕ ಏರುತ್ತಿತ್ತು; ಜ್ವರವಿಲ್ಲ, ವಾಂತಿಯಿಲ್ಲ. "ಇದಕ್ಕೆ ಕಾಲಿಕ್ ಎನ್ನುತ್ತಾರೆ. ನಿಮ್ಮ ತಪ್ಪೇನೂ ಇಲ್ಲ. ಹೊಟ್ಟೆ ತುಂಬ ಊಟ ಮಾಡಿ," ಎಂದರು. ದಿನಕ್ಕೆ ೩ ಗಂಟೆ, ವಾರಕ್ಕೆ ೩ ದಿನ, ಒಟ್ಟು ೩ ವಾರ—ಇವಕ್ಕೂ ಮಿಕ್ಕಿ ಅಳುವ ಆರೋಗ್ಯವಂತ ಶಿಶುವನ್ನು ಹೀಗೆ ಗುರುತಿಸುವ ಲೆಕ್ಕವನ್ನು ಅಮೆರಿಕದ ವೈದ್ಯ ಮಾರಿಸ್ ವೆಸೆಲ್ ಮತ್ತು ಅವರ ಸಂಗಡಿಗರು ೧೯೫೪ರಲ್ಲಿ ಮುಂದಿಟ್ಟರು. ಅಳು ಆರನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಕಾರಣ ಇದೇ ಎಂದು ವೈದ್ಯಲೋಕ ಇಂದಿಗೂ ಬೊಟ್ಟಿಟ್ಟು ತೋರಿಸಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಓಮದ ನೀರೂ ಬೇಡವೆಂದರು ವೈದ್ಯರು. ಇನ್ನು ಗ್ರೈಪ್ ವಾಟರ್: ೧೮೫೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಔಷಧದಲ್ಲಿ ಬಹುಕಾಲ ಮದ್ಯಸಾರವೂ ಇತ್ತು. ಅಂದಿನ ಕೂಸುಗಳು ತೂಕಡಿಸಿದ್ದರಲ್ಲಿ ಆಶ್ಚರ್ಯವೇನು?

ಆದರೆ ತಿಳಿವಳಿಕೆ ಬೇರೆ, ರಾತ್ರಿ ಬೇರೆ. ಆರನೆಯ ವಾರದ ಒಂದು ರಾತ್ರಿ, ಮೂರು ಗಂಟೆ ಹೊತ್ತು ತಿರುಗಿದ ಮೇಲೆ, ಮಗುವನ್ನು ಹಿಡಿದ ಅವಳ ಕೈಗಳು ಬಿಗಿದವು. ಒಮ್ಮೆ ಬಲವಾಗಿ ಅಲುಗಿಸಿಬಿಟ್ಟರೆ ಸುಮ್ಮನಾದೀತೆಂಬ ಯೋಚನೆ ಮಿಂಚಿ ಹೋಯಿತು. ತನ್ನ ಮನಸ್ಸಿಗೆ ತಾನೇ ಹೆದರಿ ನಡುಗಿದಳು. ಎಳೆಯ ತಲೆ ಅಷ್ಟು ಮಾತ್ರದ ರಭಸವನ್ನೂ ತಾಳದು. ಒಳಗೆ ಮಿದುಳು ಘಾಸಿಗೊಂಡು ಪ್ರಾಣವೇ ಹೋದೀತು.

ಅಜ್ಜಿ ಕಂಡಳು. ಮಾತಾಡದೆ ಮಗುವನ್ನು ತೆಗೆದುಕೊಂಡು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಮಗಳ ಕೈಹಿಡಿದು ಹಿತ್ತಿಲಿಗೆ ನಡೆಸಿ, ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು.

"ನೀನೂ ಹೀಗೆಯೇ ಅತ್ತವಳು. ಒಂದು ರಾತ್ರಿ ನಿನ್ನನ್ನು ತೊಟ್ಟಿಲಲ್ಲಿ ಬಿಟ್ಟು, ಇದೇ ಕಲ್ಲಿನ ಮೇಲೆ ಕುಳಿತು ನಾನೂ ಅತ್ತೆ. ನಾನೆಂಥ ತಾಯಿ ಎಂದುಕೊಂಡೆ. ಇದುವರೆಗೆ ಯಾರಿಗೂ ಹೇಳಿಲ್ಲ."

ಹತ್ತು ನಿಮಿಷಗಳ ತರುವಾಯ ಇಬ್ಬರೂ ಒಳಗೆ ಬಂದರು. ಮಗು ಅಳುತ್ತಲೇ ಇತ್ತು. ಎತ್ತಿಕೊಂಡ ಕೈಗಳು ಮಾತ್ರ ಮೆತ್ತಗಾಗಿದ್ದವು.

ಮರುದಿನದಿಂದ ಮನೆ ಸರದಿ ಹಚ್ಚಿಕೊಂಡಿತು. ಆರರಿಂದ ಏಳು ತಾಯಿ, ಎಂಟರವರೆಗೆ ಅಜ್ಜ, ಆಮೇಲೆ ಅಜ್ಜಿ. ಹೆಗಲಿಗೊರಗಿಸಿ ತೇಗು ಬರಿಸುವುದು, ಮುಂಗೈಯ ಮೇಲೆ ಬೋರಲು ಹಾಕಿಕೊಂಡು ಅಡ್ಡಾಡುವುದು, ಹಳೆಯ ಸೀರೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ಒಂದೇ ರಾಗದಲ್ಲಿ ಗುನುಗುವುದು. ಕೆಲವೊಮ್ಮೆ ಫಲಿಸುತ್ತಿತ್ತು, ಕೆಲವೊಮ್ಮೆ ಇಲ್ಲ. ಜ್ವರ, ಹಸುರು ವಾಂತಿ, ಮಲದಲ್ಲಿ ರಕ್ತ, ಹಾಲು ಒಲ್ಲದಿರುವುದು—ಇವು ಕಂಡರೆ ತಡಮಾಡದೆ ಬರಬೇಕೆಂಬ ವೈದ್ಯರ ಮಾತು ಎಲ್ಲರ ನೆನಪಿನಲ್ಲಿತ್ತು. ಅವಾವುವೂ ಕಾಣಲಿಲ್ಲ.

ನಾಲ್ಕನೆಯ ತಿಂಗಳ ಒಂದು ಸಂಜೆ ದೀಪ ಹಚ್ಚಿಯಾಯಿತು, ಏಳೂ ಹೊಡೆಯಿತು. ಮನೆಯೆಲ್ಲ ನಿಶ್ಶಬ್ದ. ಸರದಿಗೆ ಸಿದ್ಧನಾಗಿ ಶಾಲು ಹೊದೆದಿದ್ದ ಅಜ್ಜ ಗಾಬರಿಯಿಂದ ತೊಟ್ಟಿಲಿಗೆ ಬಗ್ಗಿ ನೋಡಿದ. ಮಗು ಕಣ್ಣರಳಿಸಿ ದೀಪದ ಕುಡಿಯನ್ನು ನೋಡುತ್ತಿತ್ತು.