ಯಾಕೆ ನಿಲ್ಲಿಸುತ್ತಿದ್ದೀರಿ?

ಮದುವೆ ಮನೆಗೆಂದು ಮಾಡಿಸಿದ ಕೊಳದಪ್ಪಲೆಯಲ್ಲಿ ದಿನವೂ ನಾಲ್ಕು ಜನಕ್ಕೆ ಸಾರು ಮಾಡುವವರನ್ನು ನೀವು ಕಂಡಿರಲಾರಿರಿ. ಕಂಡರೂ, ‘ಇವಳಿಗೇನು ಬಂತು’ ಎಂದು ನಕ್ಕು ಮುಂದೆ ಹೋಗುತ್ತೀರಿ. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಹೀಗೆ ಮಾಡುವವರ ಒಂದು ಪಂಗಡವೇ ಇದೆ. ನೂರಾರು ಜನಕ್ಕೆ ಒಂದೇ ಪಂಕ್ತಿಯಲ್ಲಿ ಬಡಿಸಲೆಂದು ತಯಾರಾದ ಸರ್ವರ್ ಆಪರೇಟಿಂಗ್ ಸಿಸ್ಟಮ್ಮನ್ನು ತಂದು ಮನೆಯ ಯಂತ್ರಕ್ಕೆ ಹಾಕಿಕೊಂಡು, ಪತ್ರ ಬರೆಯುವುದಕ್ಕೂ ಹಾಡು ಕೇಳುವುದಕ್ಕೂ ಅದನ್ನೇ ಬಳಸುತ್ತಾರೆ. ಎರಡು ವರ್ಷ ನಾನೂ ಆ ಪಂಗಡದಲ್ಲಿದ್ದೆ ಎಂದರೆ ನನ್ನ ಸ್ಟಾಫ್ ರೂಮಿನ ಗೆಳತಿಯರು ಈಗಲೂ ನಂಬುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದೊಳಗಿನ ಯಜಮಾನಿಕೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾವುದಕ್ಕೆ ಎಷ್ಟು ಜಾಗ ಎಂದು ಹಂಚಿಕೊಡುವುದು ಅದೇ. ಮನೆಬಳಕೆಗೆ ಒಂದು ಬಗೆ. ಹಗಲೂ ರಾತ್ರಿ ನಿಲ್ಲದೆ ದುಡಿಯಬೇಕಾದ ಕಚೇರಿಗಳ ಯಂತ್ರಕ್ಕೆ ಇನ್ನೊಂದು ಬಗೆ. ಈ ಎರಡನೆಯದೇ ಸರ್ವರ್.

2009ರಲ್ಲಿ ನನ್ನ ತಂಗಿಯ ಮಗ ಹಾಸನದ ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದ. ಅದರ ಹಿಂದಿನ ವರ್ಷವಷ್ಟೇ ಮೈಕ್ರೋಸಾಫ್ಟ್ ಕಂಪನಿ ‘ಡ್ರೀಮ್‌ಸ್ಪಾರ್ಕ್’ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ತನ್ನ ಕೆಲವು ತಂತ್ರಾಂಶಗಳನ್ನು ಬಿಟ್ಟಿಯಾಗಿ ಕೊಡಲು ಶುರುಮಾಡಿತ್ತು. ಅದರಲ್ಲಿ ವಿಂಡೋಸ್ ಸರ್ವರ್ ಕೂಡ ಇತ್ತು. ಹುಡುಗ ತನ್ನ ಯಂತ್ರಕ್ಕೆ ಸರ್ವರ್ 2008 ಹಾಕಿಕೊಂಡ. “ಏನೋ ಇದು, ಸಂತೆಗೆ ಹೋಗೋಕೆ ಲಾರಿ ತಂದಿದ್ದೀಯಲ್ಲೋ” ಎಂದೆ. “ಇಲ್ಲ ದೊಡ್ಡಮ್ಮ, ಇದು ಸಾಮಾನು ತುಂಬದ ಖಾಲಿ ಮನೆ. ನಮಗೆ ಬೇಕಾದ್ದನ್ನು ಮಾತ್ರ ತಂದಿಟ್ಟುಕೊಳ್ಳಬಹುದು” ಎಂದ. ಅವನು ಸಂಜೆ ಲೈಬ್ರರಿಯಿಂದ ಬರುವುದರೊಳಗೆ ಆ ಯಂತ್ರ ನನ್ನದು. ಶಾಲೆಯ ಪ್ರಶ್ನೆಪತ್ರಿಕೆ, ಮಕ್ಕಳ ನೋಟ್ಸು, ಎಲ್ಲಾದರೂ ಬಿಡುವು ಸಿಕ್ಕರೆ ಇಂಥದೊಂದು ಪ್ರಬಂಧ, ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಕುಟ್ಟುತ್ತಿದ್ದೆ.

ಖಾಲಿ ಮನೆ ಎಂದದ್ದು ನಿಜವೇ. ಮೊದಲ ದಿನ ಅದು ಮೂಕವಾಗಿತ್ತು. ಸರ್ವರ್ ಕೋಣೆಯಲ್ಲಿ ಕೂತು ಹಾಡು ಕೇಳುವವರು ಯಾರು? ಹಾಗಾಗಿ ಧ್ವನಿಯ ವ್ಯವಸ್ಥೆಯನ್ನು ನಾವೇ ಎಬ್ಬಿಸಬೇಕು. ಬಣ್ಣದ ಚಿತ್ತಾರಗಳು, ಸಿನಿಮಾ ತೋರಿಸುವ ಮೀಡಿಯಾ ಪ್ಲೇಯರ್ ಬೇಕೆಂದರೆ ‘ಡೆಸ್ಕ್‌ಟಾಪ್ ಎಕ್ಸ್‌ಪೀರಿಯೆನ್ಸ್’ ಎಂಬುದನ್ನು ಬೇರೆಯಾಗಿ ಸೇರಿಸಬೇಕು. ಇಂಟರ್‌ನೆಟ್ ತೆರೆದರೆ ಹೊಸ ಪುಟಕ್ಕೆಲ್ಲ ‘ಇವರು ನಂಬಿಕಸ್ತರೇ?’ ಎಂದು ಬಾಗಿಲಲ್ಲೇ ತಡೆದು ವಿಚಾರಿಸುತ್ತಿತ್ತು. 42 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಎನ್ನುತ್ತಿತ್ತು. ಇವು ಯಾವುವೂ ದೋಷವಲ್ಲ. ನೂರು ಜನರ ಲೆಕ್ಕಪತ್ರ ಕಾಯುವ ಯಂತ್ರ ಹಾಗೆಯೇ ಇರಬೇಕು.

ನನಗೆ ಮೋಜೆನಿಸಿದ್ದು ಅದನ್ನು ಆರಿಸುವ ಹೊತ್ತು. ಸಾಮಾನ್ಯ ಕಂಪ್ಯೂಟರನ್ನು ಆರಿಸಿದರೆ ಆರುತ್ತದೆ. ಇದು ಮಾತ್ರ ಒಂದು ಚೌಕವನ್ನು ಮುಂದೆ ಹಿಡಿದು, ಯಾಕೆ ನಿಲ್ಲಿಸುತ್ತಿದ್ದೀರಿ ಎಂದು ಕೇಳುತ್ತಿತ್ತು. ಮೊದಲೇ ಯೋಚಿಸಿದ್ದೋ ಇಲ್ಲವೋ, ರಿಪೇರಿಗೋ ಬೇರೆ ಕಾರಣಕ್ಕೋ ಎಂದು ಆರಿಸಿ, ಕೆಳಗೆ ಎರಡು ಮಾತು ಬರೆಯಬೇಕು. ಸರ್ವರ್ ನಿಂತರೆ ಅದನ್ನು ನೆಚ್ಚಿಕೊಂಡವರೆಲ್ಲರ ಕೆಲಸವೂ ನಿಲ್ಲುತ್ತದೆ, ಆದ್ದರಿಂದ ಕಾರಣ ದಾಖಲಾಗಬೇಕು. ಇನ್ನು ನಮ್ಮೂರಿನ ಲೋಡ್ ಶೆಡ್ಡಿಂಗ್ ನಿಮಗೆ ಗೊತ್ತೇ ಇದೆ. ಹೇಳದೆ ಕೇಳದೆ ಕರೆಂಟು ಹೋಗಿ ಬಂದಾಗಲೆಲ್ಲ, ‘ಅನಿರೀಕ್ಷಿತವಾಗಿ ನಿಂತಿತಲ್ಲ, ಏಕೆ?’ ಎಂದು ಮತ್ತೆ ಅದೇ ವಿಚಾರಣೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಮಾಡಿ ‘ಕರೆಂಟು ಹೋಯಿತು’ ಎಂದು ಬರೆಯುತ್ತಿದ್ದೆ.

ಸರ್ವರ್ ಬೇರೆ, ಮನೆಬಳಕೆಯದು ಬೇರೆ ಎಂದೆನಲ್ಲ, ಒಳಗೆ ಅವು ಎಷ್ಟು ಬೇರೆ ಎಂಬುದಕ್ಕೂ ಒಂದು ಕತೆಯಿದೆ. 1996ರಲ್ಲಿ ಮೈಕ್ರೋಸಾಫ್ಟ್ ಎನ್.ಟಿ. 4.0 ತಂದಾಗ ವರ್ಕ್‌ಸ್ಟೇಷನ್ ಎಂದೊಂದು, ಸರ್ವರ್ ಎಂದೊಂದು ಮಾರಿತು. ಎರಡರ ಬೆಲೆಯಲ್ಲಿ ಬಹಳ ಅಂತರ. ಮಾರ್ಕ್ ರುಸಿನೊವಿಚ್ ಮುಂತಾದ ಪರಿಣತರು ಒಳಗೆ ಇಣುಕಿ ನೋಡಿದರೆ, ಎರಡರ ತಿರುಳೂ ಒಂದೇ! ಯಂತ್ರ ಏಳುವಾಗ ‘ನಾನು ಯಾರು’ ಎಂದು ಒಳಗಿನ ಒಂದು ಗುರುತನ್ನು ಓದಿಕೊಂಡು, ಅದಕ್ಕೆ ತಕ್ಕಂತೆ ತನ್ನ ನಡವಳಿಕೆಯನ್ನು ಹೊಂದಿಸಿಕೊಳ್ಳುತ್ತಿತ್ತು. ಆಗ ದೊಡ್ಡ ಗದ್ದಲವಾಯಿತು. ತಮಾಷೆಯೆಂದರೆ, 2006ರಲ್ಲಿ ಇದೇ ರುಸಿನೊವಿಚ್ ಮೈಕ್ರೋಸಾಫ್ಟ್ ಸೇರಿದರು. ನಮ್ಮ ಸರ್ವರ್ 2008 ಕೂಡ ಆಗಿನ ಮನೆಬಳಕೆಯ ವಿಸ್ಟಾದ ಒಡಹುಟ್ಟೇ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಂತೂ ಈ ಪಂಕ್ತಿಭೇದವೇ ಇಲ್ಲ. ಯಂತ್ರಕ್ಕೆ ಹಾಕುವಾಗ ಚಿತ್ರ, ಕಿಟಕಿಗಳ ಮೇಲ್ಮೈ ಬೇಕೋ ಬೇಡವೋ ಎಂದು ಕೇಳುತ್ತದೆ, ಅಷ್ಟೆ.

ತಿರುಳು ಒಂದೇ ಆದರೆ ವ್ಯತ್ಯಾಸ ಎಲ್ಲಿ ಎಂದು ಕೇಳಿದ್ದಕ್ಕೆ ಹುಡುಗ ಒಂದು ಸೆಟ್ಟಿಂಗ್ ತೆಗೆದು ತೋರಿಸಿದ. ಮನೆಬಳಕೆಯ ವಿಂಡೋಸ್‌ನಲ್ಲಿ ನೀವು ಎದುರಿಗೆ ತೆರೆದಿಟ್ಟುಕೊಂಡ ಕೆಲಸಕ್ಕೆ ಮೊದಲ ಮಣೆ. ಸರ್ವರ್‌ನಲ್ಲಿ ಹಾಗಿಲ್ಲ. ಹಿಂದೆ ಕಣ್ಣಿಗೆ ಕಾಣದೆ ನಡೆಯುವ ಸೇವೆಗಳಿಗೂ ಎದುರಿನ ಕೆಲಸಕ್ಕೂ ಸಮನಾದ ಸರದಿ, ಅದೂ ದೀರ್ಘವಾದ ಸರದಿ. ಎದುರಿಗೆ ಕೂತವರಿಗೆ ವಿಶೇಷ ಉಪಚಾರವಿಲ್ಲ. “ನೀವು ಟೈಪ್ ಮಾಡೋದು ಸರಾಗವಾಗಲಿ ದೊಡ್ಡಮ್ಮ” ಎಂದು ಅವನು ‘ಬ್ಯಾಕ್‌ಗ್ರೌಂಡ್ ಸರ್ವಿಸಸ್’ ಎಂದಿದ್ದುದನ್ನು ‘ಪ್ರೋಗ್ರಾಮ್ಸ್’ಗೆ ಬದಲಿಸಿದ. ಒಂದು ಚುಕ್ಕೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಿತು. ಮಿಕ್ಕ ಯಾವ ಸೇವೆಯೂ ನಿಲ್ಲಲಿಲ್ಲ.

ಆಗ ನಮ್ಮ ಅತ್ತೆಯವರು ಹಾಸಿಗೆ ಹಿಡಿದು ಒಂದು ವರ್ಷವಾಗಿತ್ತು. ಮಗಳು ಎಸ್ಸೆಸ್ಸೆಲ್ಸಿ. ಶಾಲೆಯಿಂದ ಬಂದವಳು ಅಡುಗೆಮನೆಗೂ ಅತ್ತೆಯವರ ಕೋಣೆಗೂ ನಡುಮನೆಯ ಯಂತ್ರಕ್ಕೂ ತಿರುಗಾಡುತ್ತಿದ್ದೆ. ಅದೇನೂ ಹೆಚ್ಚುಗಾರಿಕೆಯಲ್ಲ, ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಸಂಜೆಯೂ ಹೀಗೆಯೇ ಕಳೆಯುತ್ತದೆ.

ಒಂದು ಭಾನುವಾರ ಹುಡುಗ ಏನನ್ನೋ ಹುಡುಕಲು ‘ಇವೆಂಟ್ ವ್ಯೂವರ್’ ತೆರೆದ. ಯಂತ್ರ ತನ್ನ ಆಗುಹೋಗುಗಳನ್ನು ಬರೆದಿಡುವ ದಿನಚರಿ ಅದು. “ದೊಡ್ಡಮ್ಮ, ಬನ್ನಿ ಇಲ್ಲಿ, ನೀವು ಬರೆದದ್ದೆಲ್ಲ ಇದೆ” ಎಂದು ನಗುತ್ತಾ ಕರೆದ. ನಿಲ್ಲಿಸಿದಾಗಲೆಲ್ಲ ನಾನು ತುಂಬಿದ್ದ ಕಾರಣಗಳು ತಾರೀಖು, ಗಂಟೆ, ನಿಮಿಷದ ಸಮೇತ ಸಾಲಾಗಿದ್ದವು. ‘ಕರೆಂಟು ಹೋಯಿತು’. ‘ಅತ್ತೆಯವರಿಗೆ ಗಂಜಿ’. ‘ಹಾಲು ಉಕ್ಕಿತು’. ‘ಅತ್ತೆಯವರಿಗೆ ಜ್ವರ’. ‘ನೆಂಟರು ಬಂದರು’. ‘ಮಗಳಿಗೆ ಲೆಕ್ಕ’. ‘ಗಂಜಿ’. ‘ಸಾಕಾಯಿತು’. ಹುಡುಗನ ನಗು ಅರ್ಧಕ್ಕೇ ನಿಂತಿತು. ನಾಲ್ಕು ತಿಂಗಳ ದಾಖಲೆಯನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿ ನೋಡಿದೆ. ‘ಬರೆದು ಮುಗಿಯಿತು’ ಎಂಬ ಸಾಲು ಒಂದೂ ಇರಲಿಲ್ಲ. ನಾನು ಏನನ್ನಾದರೂ ನಿಲ್ಲಿಸಿದಾಗ ಯಾಕೆಂದು ಕೇಳಿದ್ದು ಆ ಯಂತ್ರವೊಂದೇ, ಅದೂ ಇನ್ನಾರದೋ ಕಚೇರಿಗಾಗಿ ಮಾಡಿಟ್ಟ ಪ್ರಶ್ನೆಯಿಂದ!

ಆ ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರಿಗೆ ಹೇಳಿದೆ, “ನಾಳೆಯಿಂದ ಆರರಿಂದ ಏಳು ನಾನು ಏಳೋದಿಲ್ಲ.” ಅವರು, “ಅಮ್ಮನ ಗಂಜಿ?” ಎಂದರು. “ಅಕ್ಕಿ ನುಚ್ಚು ಡಬ್ಬಿಯಲ್ಲಿದೆ, ಒಂದಕ್ಕೆ ಆರು ನೀರು” ಎಂದೆ. ಮೊದಲ ವಾರ ಗಂಜಿ ತಳ ಹಿಡಿದ ವಾಸನೆ ನಡುಮನೆಯವರೆಗೂ ಬಂತು. ನಾನು ಏಳಲಿಲ್ಲ. ಏಳದೆ ಕೂತಿರುವುದು ಎಷ್ಟು ಕಷ್ಟದ ಕೆಲಸ ಎಂದು ಆಗ ತಿಳಿಯಿತು. ಎರಡನೆಯ ವಾರಕ್ಕೆ ಗಂಜಿ ಹದಕ್ಕೆ ಬಂತು. ಅತ್ತೆಯವರು ಒಂದು ದಿನ, “ಅದೇನು ಬರೀತೀಯೇ ಅಷ್ಟೊಂದು? ನನಗೂ ಒಂಚೂರು ಓದು” ಎಂದರು. ಓದಿದೆ. ಆಮೇಲೆ ದಿನವೂ ಏಳು ಗಂಟೆಗೆ ಅವರಿಗೆ ಓದಿ ಹೇಳುವುದು ರೂಢಿಯಾಯಿತು. ನನ್ನ ಮೊದಲ ಓದುಗರು ಅವರೇ. 2011ರಲ್ಲಿ ಅವರು ತೀರಿಕೊಂಡರು.

ಅದೇ ವರ್ಷ ಹುಡುಗ ಓದು ಮುಗಿಸಿ ಯಂತ್ರವನ್ನು ಕೊಂಡೊಯ್ದ. ಹೊರಡುವ ಮುನ್ನ ಆರಿಸಲು ನನ್ನನ್ನೇ ಕರೆದ. ‘ಬರೆದು ಮುಗಿಯಿತು’ ಎಂದು ಬರೆದೆ. ಆ ಹೊತ್ತಿಗೆ ಅಂಥ ಸಾಲುಗಳು ಅದರ ದಿನಚರಿಯಲ್ಲಿ ಬೇಕಾದಷ್ಟಿದ್ದವು. ಸರ್ವರ್ 2008ಕ್ಕೆ ಕಂಪನಿಯ ಬೆಂಬಲ 2020ರ ಜನವರಿಗೆ ಮುಗಿಯಿತೆಂದು ಅವನೇ ಒಮ್ಮೆ ಫೋನಿನಲ್ಲಿ ಹೇಳಿದ.

ನನ್ನ ಈಗಿನ ಲ್ಯಾಪ್‌ಟಾಪ್ ಮುಚ್ಚಿದರೆ ತೆಪ್ಪಗೆ ಮಲಗುತ್ತದೆ, ಏನನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಒಂದು ಹಳೆಯ ಹಾಜರಿ ಪುಸ್ತಕ ಇಟ್ಟುಕೊಂಡಿದ್ದೇನೆ. ಏಳುವಾಗ ತಾರೀಖು ಹಾಕಿ ಕಾರಣ ಬರೆಯುತ್ತೇನೆ. ಹೊಲಿಗೆಯೋ ಓದೋ ಸಂಗೀತವೋ, ನೀವು ಕೈಗೆತ್ತಿಕೊಂಡದ್ದನ್ನು ಅರ್ಧಕ್ಕೇ ಬಿಟ್ಟೇಳುವಾಗ ಒಂದು ತಿಂಗಳು ಹೀಗೆ ಬರೆದಿಟ್ಟು ನೋಡಿ. ಯಾರಿಗೂ ತೋರಿಸಬೇಕಾಗಿಲ್ಲ. ತಿಂಗಳ ಕೊನೆಗೆ ನೀವೇ ಕೂತು ಓದಿಕೊಳ್ಳಿ.