ಸಿದ್ಧ ಜೀಪು ಕೊಳ್ಳುವುದೋ, ನಾವೇ ಕಟ್ಟುವುದೋ

ಪಿರಿಯಾಪಟ್ಟಣ ತಾಲೂಕಿನ ನಮ್ಮ ಹಾರನಹಳ್ಳಿಯಿಂದ ಪಶ್ಚಿಮಕ್ಕೆ ಹೊರಟರೆ ಬಹುಬೇಗ ಕೊಡಗು ಎದುರಾಗುತ್ತದೆ. ಅಲ್ಲಿನ ಕಾಫಿ ತೋಟಗಳಲ್ಲಿ ದುಡಿದು ದಣಿದ ಮಹೀಂದ್ರ ಜೀಪುಗಳು ನಮ್ಮ ಹೊಗೆಸೊಪ್ಪಿನ ಸೀಮೆಗೆ ಮಾರಾಟಕ್ಕೆ ಬರುವುದುಂಟು. ಹಳೆಯ ಜೀಪನ್ನು ಕೊಂಡು ತಾವೇ ಸಿದ್ಧಪಡಿಸಬೇಕೇ, ಅಥವಾ ಬೇರೊಬ್ಬರು ಸಿದ್ಧಪಡಿಸಿದ್ದನ್ನು ಕೊಳ್ಳಬೇಕೇ ಎಂದು ಯುವಕರು ಜುಮಾ ನಮಾಝಿನ ಬಳಿಕ ನಮ್ಮನ್ನು ಕೇಳುತ್ತಾರೆ. ಮದ್ರಸಾದ ಅಧ್ಯಾಪಕರನ್ನು ಕೇಳುವ ಪ್ರಶ್ನೆ ಇದಲ್ಲ. ಆದರೆ ನಮ್ಮ ತಮ್ಮ ಮನೆಯಂಗಳದಲ್ಲಿಯೇ ಒಂದು ಜೀಪನ್ನು ಕಟ್ಟಿದ್ದು ಊರಿಗೆಲ್ಲ ತಿಳಿದಿದೆ.

ಹಣದ ಲೆಕ್ಕವೊಂದನ್ನೇ ನೋಡಿದರೆ ಸಿದ್ಧ ಜೀಪೇ ಲಾಭ. ಎಂಜಿನ್, ಟಿಂಕರಿಂಗ್, ಬಣ್ಣ, ಟೈರು ಎಂದು ಸುರಿದ ಹಣವೆಲ್ಲ ಮಾರುವವನಿಗೆ ಮರಳುವುದು ಅಪರೂಪ. ಕಟ್ಟುವವನಿಗಂತೂ ಕೊನೆಯ ಮೊತ್ತ ಮೊದಲೇ ತಿಳಿಯದು. ಗೇರ್ ಬಾಕ್ಸ್ ಬಿಚ್ಚಿದ ಮೇಲೆಯೇ ಸವೆದ ಹಲ್ಲುಗಳು ಕಾಣುತ್ತವೆ. ಒಂದು ಬೇರಿಂಗಿಗಾಗಿ ತಮ್ಮ ಬೆಂಗಳೂರಿನ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿಗೂ ಎರಡು ಬಾರಿ ಅಲೆದ. ಹತ್ತೊಂಬತ್ತು ತಿಂಗಳು ಜೀಪು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಅವನ ಮಗಳು ನಡೆಯಲು ಕಲಿತದ್ದು ಅದರ ಬಂಪರ್ ಹಿಡಿದು. ಭಾನುವಾರಗಳೆಲ್ಲ ಗ್ರೀಸಿಗೆ ಮೀಸಲಾದವೆಂದು ಅವನ ಪತ್ನಿ ನೊಂದುಕೊಂಡದ್ದು ನ್ಯಾಯವೇ. ಆ ಸಮಯದಲ್ಲಿ ಆಕೆಗೂ ಹಕ್ಕಿತ್ತು.

ಹಾಗಿದ್ದರೂ ಅವನು ಕಟ್ಟಲು ಹೊರಟದ್ದಕ್ಕೆ ಕಾರಣವಿತ್ತು. ಸಿದ್ಧ ಜೀಪಿಗೆ ಇಡೀ ಮೊತ್ತ ಒಮ್ಮೆಗೇ ಬೇಕು. ಇಲ್ಲವಾದರೆ ಬಡ್ಡಿಯ ಸಾಲ. ಅದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಕಟ್ಟುವುದಾದರೆ ತಿಂಗಳ ಗಳಿಕೆಯಲ್ಲಿ ಮಿಕ್ಕಷ್ಟನ್ನೇ ಹಾಕಿ, ಮಿಗದ ತಿಂಗಳು ಸುಮ್ಮನಿರಬಹುದು.

ಸಿದ್ಧ ಜೀಪಿನ ನಿಜವಾದ ಅಪಾಯ ಇರುವುದು ಬಣ್ಣದ ಕೆಳಗೆ. ಕೊಡಗಿನ ಮಳೆ ನೆಲದ ತಗಡನ್ನೂ ಚಾಸಿಯನ್ನೂ ತಿನ್ನುತ್ತದೆ. ಪುಟ್ಟಿ ಬಳಿದು ಬಣ್ಣ ಹೊಡೆದರೆ ಅದು ಕಾಣದು. ಒಂದು ಅಯಸ್ಕಾಂತವನ್ನು ಮೈಮೇಲೆ ಆಡಿಸಿ ನೋಡಿರಿ, ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯುವುದಿಲ್ಲ. ಧಾನ್ಯದ ರಾಶಿಯೊಳಗೆ ಕೈಯಿಳಿಸಿದ ಪ್ರವಾದಿವರ್ಯರ(ಸ) ಬೆರಳುಗಳಿಗೆ ತೇವ ತಗುಲಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ವ್ಯಾಪಾರಿಯನ್ನು ಕೇಳಿದ್ದರು. ಮುಚ್ಚಿಟ್ಟ ದೋಷ ಬಯಲಾದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್ಹ್ ಕೊಳ್ಳುವವನಿಗೆ ಕೊಟ್ಟಿದೆ.

ಕಾಗದಪತ್ರಗಳ ವಿಷಯದಲ್ಲಿ ಎರಡು ದಾರಿಗೂ ಒಂದೇ ನಿಯಮ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ನಿಗದಿಪಡಿಸಿದ ಮೂಲ ಸ್ವರೂಪವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಎಂಜಿನ್ ಬದಲಿಸಲೂ ನೋಂದಣಿ ಪ್ರಾಧಿಕಾರದ ಅನುಮೋದನೆ ಬೇಕು. ಹದಿನೈದು ವರ್ಷ ಕಳೆದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಚಾಸಿ ಸಂಖ್ಯೆ ಆರ್.ಸಿ.ಗೆ ಹೊಂದದಿದ್ದರೆ, ಎಷ್ಟೇ ಅಂದವಾಗಿ ಕಟ್ಟಿದ ಜೀಪಾದರೂ ಹುಣಸೂರಿನ ಆರ್.ಟಿ.ಒ. ಅಂಗಳದಲ್ಲಿ ಅದು ಗುಜರಿಯೇ.

ಆದ್ದರಿಂದ, ಒಬ್ಬರ ದುಡಿಮೆಯನ್ನೇ ನಂಬಿದ ಮನೆಯವರು ಕೈಯಲ್ಲಿ ಹಣವಿದ್ದರೆ ಸಿದ್ಧ ಜೀಪನ್ನೇ ಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಆದರೆ ದಲ್ಲಾಳಿಯಿಂದಲ್ಲ, ಕಟ್ಟಿದವನಿಂದಲೇ. ತಗಡು ಬಿಚ್ಚಿದಾಗಿನ ಫೋಟೋಗಳನ್ನೂ ಬಿಲ್ಲುಗಳನ್ನೂ ನೋಡಿ.

ಈಚೆಗೆ ಮಗಳ ಶಾಲೆಯ ಶುಲ್ಕಕ್ಕೆಂದು ತಮ್ಮ ಆ ಜೀಪನ್ನು ಮಾರಲು ನಿರ್ಧರಿಸಿದ. ನೋಡಲು ಬಂದವರು ಬಣ್ಣವನ್ನು ಮೆಚ್ಚಿ ಮುಂಗಡ ತೆಗೆದರು. ಅವನು ಅದನ್ನು ಮುಟ್ಟದೆ, ಚಾಲಕನ ಕಾಲ ಕೆಳಗಿನ ಮ್ಯಾಟ್ ಎತ್ತಿ, ತಾನೇ ಬೆಸುಗೆ ಹಾಕಿದ ಎರಡು ತೇಪೆಗಳನ್ನು ತೋರಿಸಿದ. ಬೆಲೆ ಹದಿನೈದು ಸಾವಿರ ಇಳಿಯಿತು. ಅವರು ಅಸರ್ ನಮಾಝಿಗೆ ಮುನ್ನವೇ ಜೀಪನ್ನು ಒಯ್ದರು.